ಪ್ರಾರ್ಥನೆಯಲ್ಲಿ ಕೊಟ್ಟ ಮಾತು, ಮೂರು ತಿಂಗಳಾದರೂ ಹಾಗೇ ಇದೆ

ಪ್ರಶ್ನೆ: ಅಕ್ಕಾ, ನಾನು ಬೀದರಿನವಳು, ಶಾಲೆಯಲ್ಲಿ ಟೀಚರ್. ನಮ್ಮ ಓಣಿಯ ಆಯಿಯೊಬ್ಬರ ಗಂಡ ತೀರಿಕೊಂಡರು. ಮನೆ ಪ್ರಾರ್ಥನೆಯಲ್ಲಿ ಎದ್ದು ನಿಂತು, ‘ಆಯಿಗೆ ವಿಧವಾ ಪಗಾರ ನಾನು ಮಾಡಿಸಿಕೊಡ್ತೀನಿ’ ಅಂದೆ. ಎಲ್ಲರೂ ಆಮೆನ್ ಅಂದರು. ಮೂರು ತಿಂಗಳಾಯಿತು, ಏನೂ ಮಾಡಿಲ್ಲ. ಈಗ ಅವರು ಕಂಡರೆ ಬೇರೆ ಗಲ್ಲಿ ಹಿಡಿಯುತ್ತೇನೆ. ರವಿವಾರ ಚರ್ಚಿನಲ್ಲಿ ಅಳು ಬರುತ್ತದೆ, ಸೋಮವಾರ ಮರೆತುಹೋಗುತ್ತದೆ. ‘ಚರ್ಚ್ ಕಮಿಟಿ ಇದೆಯಲ್ಲ’ ಅಂತಾರೆ ಮನೆಯವರು. ನನ್ನ ನಂಬಿಕೆಯೇ ಸುಳ್ಳಾ?

ಉತ್ತರ: ತಂಗಿ, ನಂಬಿಕೆಯ ಲೆಕ್ಕ ಆಮೇಲೆ ನೋಡೋಣ. ಮೊದಲು ಆಯಿಯ ಪಗಾರ.

ನಿಮ್ಮ ಪತ್ರದ ತುಂಬ ನಿಮ್ಮ ಅಳು, ನಿಮ್ಮ ನಾಚಿಕೆ. ಈ ಮೂರು ತಿಂಗಳು ಆಯಿ ಹೇಗೆ ದಿನ ದೂಡಿದರು ಅನ್ನೋದು ಎಲ್ಲೂ ಇಲ್ಲ. ಬೇಜಾರಾಗಬೇಡಿ. ಎಲ್ಲರೂ ಆಮೆನ್ ಅಂದಾಗಲೇ ನಿಮಗೆ ಕೆಲಸ ಮುಗಿಸಿದಷ್ಟು ಸಮಾಧಾನ ಸಿಕ್ಕಿಬಿಟ್ಟಿದೆ. ಬೈಬಲಿನಲ್ಲಿ ಯಾಕೋಬ ತನ್ನ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಕೇಳೋದೂ ಇದನ್ನೇ. ಬಟ್ಟೆಯಿಲ್ಲದೆ ಹಸಿದು ನಿಂತವನಿಗೆ ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು ಅಂತ ಹರಸಿ ಬರಿಗೈಯಲ್ಲಿ ಕಳಿಸಿದರೆ ಏನು ಬಂತು?

ಆದರೂ ನನಗೆ ಇಲ್ಲಿ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನೇ ಜಾಸ್ತಿ ಹಿಡಿಸುತ್ತಾನೆ. ಯೆರೂಸಲೇಮಿನ ಬಡವರಿಗೆ ಹಣ ಕೂಡಿಸೋಕೆ ಕೊರಿಂಥದ ಸಭೆಯವರು ಹುರುಪಿನಿಂದ ಹೊರಟಿದ್ದರು. ವರ್ಷ ಕಳೆದರೂ ಮುಗಿದಿರಲಿಲ್ಲ. ಪೌಲ ಬೈಯಲಿಲ್ಲ, ನಿಮ್ಮ ಹತ್ತಿರ ಇರೋದರಲ್ಲೇ ಮುಗಿಸಿ ಅಂದ. ಅದಕ್ಕೂ ಮೊದಲೇ ದಾರಿ ಹೇಳಿಕೊಟ್ಟಿದ್ದ: ವಾರದ ಮೊದಲನೇ ದಿನ, ಅವರವರ ಶಕ್ತಿಯಷ್ಟು ತೆಗೆದಿಡಿ. ದಿನ ಗೊತ್ತು, ಮಾಡೋದು ಏನು ಅಂತಲೂ ಗೊತ್ತು. ನಿಮ್ಮ ಮಾತಿಗೆ ಇನ್ನೂ ದಿನವೇ ಗೊತ್ತಾಗಿಲ್ಲ, ಅಲ್ವಾ?

ನನ್ನ ಅನುಮಾನ ಹೇಳಲಾ? ನಿಮ್ಮದು ಸೋಮಾರಿತನ ಅಲ್ಲ. ಪಗಾರದ ಅರ್ಜಿ ಕೊಡೋ ನಾಡಕಚೇರಿ ಕೌಂಟರಿನ ಮುಂದೆ ನಿಲ್ಲೋ ಭಯ. ಟೀಚರಿಗೂ ಅದು ಇರುತ್ತೆ.

ಇವತ್ತು ಸಂಜೆ ಶಾಲೆಯಿಂದ ಹಾಗೇ ಆಯಿ ಮನೆಗೆ ಹೋಗಿ. ‘ತಡ ಆಯ್ತು ಆಯಿ, ತಪ್ಪು ನಂದೇ’ ಅನ್ನಿ, ಸಾಕು. ಅಲ್ಲಿ ಕೂತು ಅಳಬೇಡಿ, ಆಮೇಲೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತೆ. ಕಾಗದಗಳನ್ನು ತೆಗೆಸಿ: ಗಂಡನ ಮರಣ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್. ಎಲ್ಲದರಲ್ಲೂ ಹೆಸರನ್ನು ಬೆರಳಿಟ್ಟು ಓದಿ. ಚರ್ಚಿನ ರಿಜಿಸ್ಟರಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಇರೋದು ನಮ್ಮ ಕಡೆ ಹೊಸದಲ್ಲ. ಒಂದರಲ್ಲಿದ್ದ ಹಾಗೆ ಇನ್ನೊಂದರಲ್ಲಿ ಇಲ್ಲ ಅಂದರೆ ಅರ್ಜಿ ಅಲ್ಲೇ ನಿಂತುಬಿಡುತ್ತೆ. ಏನು ಕಡಿಮೆ ಇದೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಯಾವ ದಿನ ಬಂದು ಕರೆದುಕೊಂಡು ಹೋಗ್ತೀರಿ ಅಂತ ಆಯಿಗೆ ಹೇಳಿಯೇ ಎದ್ದು ಬನ್ನಿ. ಅವರು ರೆಡಿಯಾಗಿ ಬಾಗಿಲಲ್ಲಿ ಕೂತಿದ್ದರೆ ನಿಮಗೆ ಬೇರೆ ಗಲ್ಲಿ ಸಿಗಲ್ಲ.

ಅಷ್ಟರಲ್ಲಿ ಬೇರೆ ಯಾರೋ ಅರ್ಜಿ ಹಾಕಿಸಿದ್ದರೆ ಒಳ್ಳೇದೇ ಆಯ್ತು. ಅರ್ಜಿ ನಂಬರ್ ಬರೆದುಕೊಂಡು ಎಲ್ಲಿಗೆ ಬಂತು ಅಂತ ವಿಚಾರಿಸೋ ಕೆಲಸ ನೀವು ಹಿಡಿಯಿರಿ. ಮನೆಯವರ ಜೊತೆ ವಾದ ಬೇಡ, ಆ ದಿನ ಮನೆ ಕಡೆ ನೋಡಿಕೊಳ್ಳಿ ಅನ್ನಿ. ಇನ್ನೊಂದು ಮಾತು, ಪಗಾರ ಬಂದಮೇಲೂ ಇದನ್ನು ಪ್ರಾರ್ಥನೆಯಲ್ಲಿ ಸಾಕ್ಷಿ ಅಂತ ಹೇಳೋಕೆ ಹೋಗಬೇಡಿ.

ಶನಿವಾರ ಶಾಲೆ ಅರ್ಧ ದಿನ ಇದ್ದರೆ ಅವತ್ತೇ ಹೋಗಬಹುದು. ಎರಡನೇ, ನಾಲ್ಕನೇ ಶನಿವಾರ ಮಾತ್ರ ಕಚೇರಿಗೆ ರಜೆ, ನೋಡಿಕೊಂಡು ಹೊರಡಿ.