ಪುಸ್ತಕ ಸ್ಕ್ಯಾನರ್‌ಗೆ ಡ್ರಾಯರ್ ಚಾನೆಲ್ ಸಾಕೇ, ರಾಡ್-ಬೇರಿಂಗ್ ಬೇಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದಂತೆ ಹೀಗಿದೆ: ಪ್ಲೈವುಡ್‌ನಲ್ಲಿ ಪುಸ್ತಕ ತೆರೆದಿಡುವ ವಿ ಆಕಾರದ ತೊಟ್ಟಿಲು, ಮೇಲಿಂದ ಇಳಿದು ಪುಟಗಳನ್ನು ಒತ್ತುವ ವಿ ಆಕಾರದ ಗಾಜು, ಎರಡು ಕ್ಯಾಮೆರಾ ಇರುವ ಸ್ಕ್ಯಾನರ್ ಕಟ್ಟುತ್ತಿದ್ದೀರಿ. ತೊಟ್ಟಿಲು ಎಡಬಲಕ್ಕೆ ಜರುಗಲಿಕ್ಕೂ ಗಾಜು ಮೇಲೆ ಕೆಳಗೆ ಓಡಾಡಲಿಕ್ಕೂ ಡ್ರಾಯರ್ ಚಾನೆಲ್ (ಮೇಜಿನ ಡ್ರಾಯರ್ ಜಾರಲು ಪಕ್ಕದಲ್ಲಿ ಹಾಕುವ ಲೋಹದ ಪಟ್ಟಿ) ಹಾಕಿದರೆ ನಡೆಯುತ್ತದೆಯೇ, ಇಲ್ಲ ತ್ರೀಡಿ ಪ್ರಿಂಟರ್‌ನ ರಾಡ್, ಬೇರಿಂಗ್, ಲೀನಿಯರ್ ರೈಲು ತರಿಸಬೇಕೇ?

ಎರಡು ಕಡೆಗೂ ಒಂದೇ ಸಾಮಾನು ಹಾಕಬೇಡಿ, ಏಕೆಂದರೆ ಈ ಎರಡು ಚಲನೆಗಳಿಗೆ ಬೇಕಾದ ಗುಣಗಳು ತದ್ವಿರುದ್ಧ. ತೊಟ್ಟಿಲು ಬೆರಳು ತಾಗಿದರೆ ಜರುಗುವಷ್ಟು ಹಗುರಾಗಿರಬೇಕು. ಅದರಲ್ಲಿ ಅರ್ಧ ಮಿ.ಮೀ. ಅಲುಗಾಟ ಇದ್ದರೂ ಚಿಂತೆಯಿಲ್ಲ. ಗಾಜು ಅಲುಗದೆ, ವಾಲದೆ ನೇರ ಇಳಿಯಬೇಕು. ಅದರ ಓಟ ಕೈಗೆ ತುಸು ಬಿಗಿ ಅನ್ನಿಸಿದರೂ ಕೆಲಸ ಕೆಡುವುದಿಲ್ಲ. ಇದನ್ನು ತಿರುಗಾಮುರುಗಾ ಮಾಡಿಕೊಂಡರೆ, ಅಂದರೆ ಬಿಗಿಯಾದ ತೊಟ್ಟಿಲು ಮತ್ತು ಸಡಿಲ ಗಾಜು ಆದರೆ, ಎಷ್ಟೇ ಒಳ್ಳೆಯ ಕ್ಯಾಮೆರಾ ಇದ್ದರೂ ಪುಟಗಳು ಸರಿಯಾಗಿ ಬರುವುದಿಲ್ಲ.

ಮೊದಲು ತೊಟ್ಟಿಲು ಎಷ್ಟು ದೂರ ಜರುಗಬೇಕು ಎಂದು ಲೆಕ್ಕ ಹಾಕಿ. ಮೊದಲ ಪುಟದಲ್ಲಿ ಪುಸ್ತಕದ ದಪ್ಪವೆಲ್ಲ ಬಲ ಹಲಗೆಯ ಮೇಲಿರುತ್ತದೆ, ಕೊನೆಯ ಪುಟದಲ್ಲಿ ಎಡ ಹಲಗೆಯ ಮೇಲೆ. ಗಾಜಿನ ತುದಿ ಮಾತ್ರ ಒಂದೇ ಜಾಗದಲ್ಲಿ ಇಳಿಯುತ್ತದೆ. ಹಾಗಾಗಿ ತೊಟ್ಟಿಲು ಜರುಗಬೇಕಾದ ಒಟ್ಟು ದೂರ ವಿ ಕೋನವನ್ನು ಅವಲಂಬಿಸಿದೆ: 90 ಡಿಗ್ರಿ ಇದ್ದರೆ ಪುಸ್ತಕದ ದಪ್ಪದ 1.41 ಪಟ್ಟು, 100 ಡಿಗ್ರಿಗೆ 1.56 ಪಟ್ಟು, 120 ಡಿಗ್ರಿಗೆ ಸರಿಯಾಗಿ 2 ಪಟ್ಟು. 50 ಮಿ.ಮೀ. ದಪ್ಪದ ಪುಸ್ತಕಕ್ಕೆ ಅದು ಕ್ರಮವಾಗಿ 71, 78 ಮತ್ತು 100 ಮಿ.ಮೀ. ಬೆನ್ನಿನ ಸಂದು, ರಟ್ಟು ಎಲ್ಲ ಸೇರಿ ಇನ್ನೊಂದು 20 ಮಿ.ಮೀ. ಹೆಚ್ಚು ಇಟ್ಟುಕೊಳ್ಳಿ. ಇದೇ ಲೆಕ್ಕದಲ್ಲಿ ಇನ್ನೊಂದು ಅನುಕೂಲವೂ ಅಡಗಿದೆ: ತೊಟ್ಟಿಲು ತಾನಾಗಿ ಜರುಗುತ್ತಿದ್ದರೆ ಗಾಜು ಬಂದು ಕೂರುವ ಎತ್ತರ ಪುಸ್ತಕದ ಮೊದಲಿಂದ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಕ್ಯಾಮೆರಾ ಫೋಕಸ್ ಒಮ್ಮೆ ಮ್ಯಾನುವಲ್‌ನಲ್ಲಿ ಹೊಂದಿಸಿ ಬಿಟ್ಟರೆ ಆ ಪುಸ್ತಕ ಮುಗಿಯುವವರೆಗೆ ಮುಟ್ಟಬೇಕಾಗಿಲ್ಲ.

'ತಾನಾಗಿ' ಎಂದೆನಲ್ಲ, ಕಷ್ಟ ಇರುವುದು ಅಲ್ಲೇ. ತೊಟ್ಟಿಲನ್ನು ನಡುವಿಗೆ ತಳ್ಳುವುದು ಗಾಜಿನ ತೂಕವೇ. ಎದುರುತೂಕ (ಗಾಜಿನ ಭಾರ ತಗ್ಗಿಸಲು ರಾಟೆಯ ಆಚೆ ತೂಗುಬಿಡುವ ತೂಕ) ಕಳೆದು ಗಾಜು 1 ಕೆ.ಜಿ. ಭಾರದಲ್ಲಿ ಇಳಿಯುತ್ತಿದೆ ಎಂದುಕೊಳ್ಳಿ. ಅದು ಒಂದು ಬದಿಯ ಪುಟಕ್ಕೆ ಮೊದಲು ತಾಗಿದಾಗ ಅಡ್ಡಕ್ಕೆ ಸಿಗುವ ತಳ್ಳು 100 ಡಿಗ್ರಿ ವಿ ಯಲ್ಲಿ ಹೆಚ್ಚೆಂದರೆ 840 ಗ್ರಾಂ. ತೊಟ್ಟಿಲು, ಪುಸ್ತಕ ಸೇರಿ 5 ಕೆ.ಜಿ., ಮೇಲಿನ ಗಾಜಿನ ಭಾರ 1 ಕೆ.ಜಿ., ಒಟ್ಟು 6 ಕೆ.ಜಿ. ಮರದ ಮೇಲೆ ಮರ ಜಾರುವಂತೆ ಮಾಡಿದ್ದರೆ ಘರ್ಷಣೆ ಸುಮಾರು 2 ಕೆ.ಜಿ. ಆಗುತ್ತದೆ, ತೊಟ್ಟಿಲು ಅಲ್ಲಾಡುವುದೇ ಇಲ್ಲ. ನೈಲಾನ್ ಪಟ್ಟಿ ಅಂಟಿಸಿದರೂ 1 ಕೆ.ಜಿ. ಮೀರುತ್ತದೆ. ಉರುಳುವ ಬೇರಿಂಗ್ ಇದ್ದರೆ 200 ಗ್ರಾಂ ಒಳಗೆ ಮುಗಿಯುತ್ತದೆ. ತೊಟ್ಟಿಲು ಜರುಗದಿದ್ದಾಗ ಆ ತಳ್ಳೆಲ್ಲ ಎಲ್ಲಿಗೆ ಹೋಗುತ್ತದೆ? ಪುಟದ ಮೇಲೆ, ಹೊಲಿಗೆಯ ಮೇಲೆ. ಹಳದಿಗಟ್ಟಿ ಗರಿಗರಿಯಾದ ಹಳೆಯ ಮುದ್ರಣಗಳು, ಪಕ್ಕದಲ್ಲಿ ತಂತಿಪಿನ್ನು ಹೊಡೆದ ಹಳೆಯ ಮಾಸಪತ್ರಿಕೆಗಳು ನಡುಸಂದಿನಲ್ಲಿ ಹರಿಯುವುದು ಹೀಗೆ. ಅಂಥ ಪುಸ್ತಕ ಇನ್ನೊಂದು ಪ್ರತಿ ಸಿಗುವಂಥದ್ದಲ್ಲ. ಆದ್ದರಿಂದ ತೊಟ್ಟಿಲಿನ ಉರುಳಿನ ವಿಷಯದಲ್ಲಿ ದಯವಿಟ್ಟು ರಾಜಿ ಮಾಡಿಕೊಳ್ಳಬೇಡಿ.

ತೊಟ್ಟಿಲಿಗೆ ನನ್ನ ಮೊದಲ ಆಯ್ಕೆ 608 ಬೇರಿಂಗ್. ಒಳವ್ಯಾಸ 8, ಹೊರವ್ಯಾಸ 22, ಅಗಲ 7 ಮಿ.ಮೀ.; ಸ್ಕೇಟಿಂಗ್ ಚಕ್ರದಲ್ಲಿ ಇರುವುದೂ ಇದೇ, ಎಲ್ಲೆಡೆ ಸಿಗುತ್ತದೆ. 20×20×3 ಮಿ.ಮೀ. ಅಲ್ಯೂಮಿನಿಯಂ ಆಂಗಲ್ (ಎಲ್ ಆಕಾರದ ಪಟ್ಟಿ) ಒಂದನ್ನು ಏಣು ಮೇಲೆ ಬರುವಂತೆ ಬೋರಲು ಹಾಕಿ ನಿಮ್ಮ ಕಡೆಯ ಹಳಿ ಮಾಡಿ. ಅದರ ಎರಡು ಇಳಿಜಾರುಗಳ ಮೇಲೆ ಒಂದೊಂದು ಬೇರಿಂಗ್ ಕೂರುವಂತೆ 45 ಡಿಗ್ರಿ ಓರೆಯಲ್ಲಿ ಜೋಡಿ ಹಾಕಿ. ಅಂಥ ಎರಡು ಜೋಡಿ, ತೊಟ್ಟಿಲಿನ ಎರಡು ತುದಿಗೆ. ಓರೆ ಕೆಲಸ ಬೇಡವೆಂದರೆ ಸ್ಲೈಡಿಂಗ್ ಗೇಟಿನ ವಿ ಗಾಡಿಯ ಚಿಕ್ಕ ಚಕ್ರ ಎರಡು ಸಾಕು. ಹಿಂದಿನ ಹಳಿಗೆ ಬರೀ ಚಪ್ಪಟೆ ಅಲ್ಯೂಮಿನಿಯಂ ಪಟ್ಟಿ, ಅದರ ಮೇಲೆ ಒಂದೇ ಒಂದು ಬೇರಿಂಗ್, ನಡುವಿನಲ್ಲಿ. ಮೂರು ಕಡೆ ಮಾತ್ರ ಆಧಾರ ಇರುವುದರಿಂದ ಪ್ಲೈವುಡ್ ಸ್ವಲ್ಪ ಸೊಟ್ಟಗಾದರೂ ತೊಟ್ಟಿಲು ಕುಂಟುವುದಿಲ್ಲ. ಎರಡು ಹಳಿಗಳು ಕರಾರುವಾಕ್ಕಾಗಿ ಸಮಾಂತರ ಇರಬೇಕೆಂಬ ಕಾಟವೂ ಇಲ್ಲ, ಏಕೆಂದರೆ ದಾರಿ ತೋರಿಸುವುದು ಮುಂದಿನ ಹಳಿ ಮಾತ್ರ, ಹಿಂದಿನದು ಭಾರ ಹೊರುತ್ತದೆ ಅಷ್ಟೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮರ ಉಬ್ಬಿದಾಗ ಇದರ ಬೆಲೆ ಗೊತ್ತಾಗುತ್ತದೆ.

ಡ್ರಾಯರ್ ಚಾನೆಲ್ಲೂ ತೊಟ್ಟಿಲಿಗೆ ಆಗುತ್ತದೆ, ಕೆಲವು ಎಚ್ಚರಿಕೆಗಳೊಂದಿಗೆ. 45 ಮಿ.ಮೀ. ಎತ್ತರದ, ಬಾಲ್ ಇರುವ ಟೆಲಿಸ್ಕೋಪಿಕ್ ಚಾನೆಲ್ 12 ಇಂಚಿನದು ತನ್ನಿ. ಸಾಫ್ಟ್ ಕ್ಲೋಸ್ ಬೇಡವೇ ಬೇಡ. ಕೊನೆಯ ಒಂದೆರಡು ಇಂಚಿನಲ್ಲಿ ಸ್ಪ್ರಿಂಗ್ ಎಳೆದುಕೊಳ್ಳುತ್ತದೆ. ಒತ್ತಿದರೆ ತೆರೆಯುವ ಪುಷ್ ಓಪನ್ ಕೂಡ ಬೇಡ. ಸಾದಾ ಚಾನೆಲ್‌ನಲ್ಲಿಯೂ ಪೂರ್ತಿ ಮುಚ್ಚಿದ ಕಡೆ ರಬ್ಬರ್ ತಡೆ ಹಿಡಿದುಕೊಳ್ಳುವುದರಿಂದ, ನಾಲ್ಕೈದು ಇಂಚು ಎಳೆದ ಸ್ಥಿತಿಯನ್ನು ತೊಟ್ಟಿಲಿನ ನಡು ಎಂದು ಇಟ್ಟುಕೊಂಡು ಅದರ ಆಚೀಚೆಗಷ್ಟೇ ಓಡಿಸಿ. ಚಾನೆಲ್ಲನ್ನು ಡ್ರಾಯರ್‌ಗೆ ಹಾಕಿದಂತೆ ಲಂಬವಾಗಿ, ಪಕ್ಕಕ್ಕೇ ಜೋಡಿಸಿ. ಮಲಗಿಸಿ ಹಾಕಿದರೆ ಅದು ಹೊರುವ ಭಾರ ತುಂಬ ಇಳಿದುಹೋಗುತ್ತದೆ, ಓಟವೂ ಒರಟಾಗುತ್ತದೆ. ಪ್ರತಿ ಬದಿಗೆ ಬೇಕಾದ ಸಂದು 12.7 ಮಿ.ಮೀ.; ಬಡಗಿಗಳು 13 ಬಿಡುತ್ತಾರೆ, ಅದು ಸರಿ. 12ಕ್ಕೆ ಇಳಿದರೆ ಬಾಲ್‌ಗಳು ಹಿಸುಕಿಕೊಂಡು ತೊಟ್ಟಿಲು ಕಚ್ಚುತ್ತದೆ. ಜೋಡಿಸುವಾಗ ಒಂದು ಬದಿಯನ್ನು ಪೂರ್ತಿ ಬಿಗಿ ಮಾಡಿ, ಇನ್ನೊಂದನ್ನು ಉದ್ದ ತೂತಿನ ಸ್ಕ್ರೂಗಳಲ್ಲಿ ಸಡಿಲ ಬಿಟ್ಟು, ಹತ್ತಾರು ಸಲ ಪೂರ್ತಿ ಓಡಿಸಿ, ಅದು ತನ್ನ ಜಾಗ ಹುಡುಕಿಕೊಂಡ ಮೇಲೆ ಬಿಗಿ ಮಾಡಿ. ದುಂಡು ತೂತುಗಳ ಸ್ಕ್ರೂ ಕೊನೆಗೆ. ಮೂರು ತುಂಡಿನ ಚಾನೆಲ್‌ನಲ್ಲಿ ನಡುವಿನ ತುಂಡು ಸಿಕ್ಕಿಕೊಳ್ಳುವಾಗ ಸಣ್ಣ 'ಟಕ್' ಇದ್ದೇ ಇರುತ್ತದೆ. ಅಂಗಡಿಯಲ್ಲೇ ಕೈಯಲ್ಲಿ ಓಡಿಸಿ ನೋಡಿ ಅದು ಕಡಿಮೆ ಇರುವ ಜೋಡಿಯನ್ನು ಆರಿಸಿ.

ಯಾವುದನ್ನೇ ಹಾಕಿ, ಪರೀಕ್ಷೆ ಒಂದೇ. ತೊಟ್ಟಿಲಿಗೆ ದಪ್ಪ ನಿಘಂಟೊಂದನ್ನು ಇಟ್ಟು ಲಗೇಜು ತೂಗುವ ಕೈತಕ್ಕಡಿಯ ಕೊಕ್ಕೆ ಸಿಕ್ಕಿಸಿ ಅಡ್ಡಕ್ಕೆ ಮೆಲ್ಲಗೆ ಎಳೆಯಿರಿ. 200 ಗ್ರಾಂ ತಲುಪುವ ಮೊದಲೇ ಹೊರಡಬೇಕು, ಎರಡೂ ದಿಕ್ಕಿಗೆ. ಒಂದು ದಿಕ್ಕಿಗೆ ಸಲೀಸು, ಇನ್ನೊಂದಕ್ಕೆ ಭಾರ ಅನ್ನಿಸಿದರೆ ಹಳಿ ಮಟ್ಟದಲ್ಲಿಲ್ಲ: ಒಂದು ಡಿಗ್ರಿ ಓರೆಗೇ 5 ಕೆ.ಜಿ. ಮೇಲೆ 87 ಗ್ರಾಂ ಎಳೆತ ಬರುತ್ತದೆ. ಸ್ಪಿರಿಟ್ ಲೆವೆಲ್ ಇಟ್ಟು ಕಾಲಿನಡಿ ತುಂಡು ಕೊಡಿ.

ಈಗ ಗಾಜು. ಇಲ್ಲಿ ಶತ್ರು ಅಲುಗಾಟ. ಗಾಜು ಏರಿಳಿಯುವ ರಾಡುಗಳು ಹಿಂಬದಿಯಲ್ಲಿರುತ್ತವೆ, ಗಾಜು ಅಲ್ಲಿಂದ 300 ಮಿ.ಮೀ. ಮುಂದಕ್ಕೆ ಚಾಚಿರುತ್ತದೆ. ಬೇರಿಂಗ್‌ನಲ್ಲಿ 0.2 ಮಿ.ಮೀ. ಸಡಿಲ ಇದ್ದು, ಮೇಲಿನ ಕೆಳಗಿನ ಬೇರಿಂಗ್‌ಗಳ ಅಂತರ 60 ಮಿ.ಮೀ. ಇದ್ದರೆ ಗಾಜಿನ ಮುಂತುದಿಯಲ್ಲಿ ಅದು 1 ಮಿ.ಮೀ. ಆಗುತ್ತದೆ, 300 ಡಿಪಿಐ (ಇಂಚಿಗೆ 300 ಚುಕ್ಕಿ) ಚಿತ್ರದಲ್ಲಿ ಸುಮಾರು 12 ಪಿಕ್ಸೆಲ್. ಅದೇ ಅಂತರವನ್ನು 200 ಮಿ.ಮೀ. ಮಾಡಿದರೆ 0.3 ಮಿ.ಮೀ.ಗೆ ಇಳಿಯುತ್ತದೆ. ಗಾಜು ಸದಾ ಒಂದೇ ರೀತಿ ವಾಲಿದ್ದರೆ ಎಲ್ಲ ಪುಟಗಳಿಗೂ ಒಂದೇ ತಿದ್ದುಪಡಿ ಹಾಕಿ ಸರಿಮಾಡಬಹುದು. ಪುಟಪುಟಕ್ಕೂ ಬೇರೆ ಬೇರೆ ವಾಲಿದರೆ ಸಾಫ್ಟ್‌ವೇರ್‌ನಲ್ಲಿ ಒಟ್ಟಿಗೆ ತಿದ್ದುವ ದಾರಿಯೇ ಮುಚ್ಚುತ್ತದೆ. ಆದ್ದರಿಂದ ಬೇರಿಂಗ್ ದುಬಾರಿಯದಾಗಿರುವುದಕ್ಕಿಂತ ಬೇರಿಂಗ್‌ಗಳ ನಡುವಿನ ಅಂತರ ದೊಡ್ಡದಾಗಿರುವುದು ಮುಖ್ಯ.

ನಾನು ಹೇಳುವ ಜೋಡಣೆ: 12 ಮಿ.ಮೀ. ವ್ಯಾಸದ, 500 ಮಿ.ಮೀ. ಉದ್ದದ ಎರಡು ಹಾರ್ಡ್ ಕ್ರೋಮ್ ರಾಡ್, 250 ಮಿ.ಮೀ. ದೂರದಲ್ಲಿ, ಪ್ರತಿ ರಾಡಿಗೆ ಎರಡೆರಡು ಎಲ್‌ಎಂ12ಯುಯು ಬೇರಿಂಗ್ (12 ಮಿ.ಮೀ. ರಾಡಿನ ಮೇಲೆ ಉದ್ದಕ್ಕೆ ಓಡುವ ಬಾಲ್ ಬೇರಿಂಗ್), 200 ಮಿ.ಮೀ. ಅಂತರದಲ್ಲಿ. ಮೇಲೆ ಕೆಳಗೆ ರಾಡನ್ನು ಕಟ್ಟಿಗೆ ಬಿಗಿಯುವ ಹಿಡಿಕೆಗಳು ತಿನ್ನುವ ಜಾಗ ಕಳೆದರೂ 240 ಮಿ.ಮೀ. ಓಟ ಉಳಿಯುತ್ತದೆ. ಪುಟ ತಡೆಯಿಲ್ಲದೆ ಮಗುಚಲು ಗಾಜು ಪುಟದ ಅಗಲದಷ್ಟು ಏರಿದರೆ ಸಾಕು: ಡೆಮಿ 1/8 ಆಕಾರದ ಸಾಮಾನ್ಯ ಕನ್ನಡ ಪುಸ್ತಕಕ್ಕೆ 140, ಎ4ಗೆ 210. 8 ಮಿ.ಮೀ. ರಾಡ್ ಅಗ್ಗ ಎಂದು ಹೋಗಬೇಡಿ. ಬಾಗುವಿಕೆ ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮ. 12ರ ರಾಡ್ 8ರದ್ದಕ್ಕಿಂತ ಐದು ಪಟ್ಟು ಗಟ್ಟಿ. ಹಾರ್ಡ್‌ವೇರ್ ಅಂಗಡಿಯ ಎಂಎಸ್ ಬ್ರೈಟ್ ಬಾರ್ (ಮೆದು ಉಕ್ಕಿನ ನುಣುಪು ಸಲಾಕೆ) ಮೇಲೆ ಈ ಬೇರಿಂಗ್ ಓಡಿಸಲೂಬೇಡಿ, ಮೆದು ಕಬ್ಬಿಣದಲ್ಲಿ ಬಾಲ್‌ಗಳು ಗೆರೆ ಕೊರೆಯುತ್ತವೆ. ಬ್ರೈಟ್ ಬಾರೇ ಕೈಯಲ್ಲಿದ್ದರೆ ಲೇತ್ ಅಂಗಡಿಯಲ್ಲಿ ಗನ್‌ಮೆಟಲ್ ಬುಷ್ (ಬಾಲ್ ಇಲ್ಲದೆ ರಾಡಿನ ಮೇಲೆ ಜಾರುವ ಲೋಹದ ತೋಳು) ಮಾಡಿಸಿ. ಸಾಕಷ್ಟು ಚೆನ್ನಾಗಿ ನಡೆಯುತ್ತದೆ.

ಬುಷ್ ಹಾಕುವವರು ಒಂದು ನಿಯಮ ಮರೆಯಬಾರದು: ಭಾರ ಅಥವಾ ಎಳೆತ ರಾಡಿನಿಂದ ಎಷ್ಟು ದೂರ ಇದೆಯೋ ಅದು ಬುಷ್‌ಗಳ ನಡುವಿನ ಅಂತರದ ಎರಡು ಪಟ್ಟನ್ನು ದಾಟಬಾರದು. ದಾಟಿದರೆ ಅಂಗಡಿಯ ರೋಲಿಂಗ್ ಷಟರನ್ನು ಒಂದೇ ಮೂಲೆ ಹಿಡಿದು ಎಳೆದಂತೆ, ಬಲ ಹಾಕಿದಷ್ಟೂ ಕಚ್ಚಿಕೊಳ್ಳುತ್ತದೆ. ಎಣ್ಣೆ ಹಾಕಿ ಪರಿಹಾರವಾಗುವ ತೊಂದರೆ ಅಲ್ಲ ಇದು. ಬಾಲ್ ಬೇರಿಂಗ್ ಹೀಗೆ ಕಚ್ಚುವುದಿಲ್ಲ, ಆದರೆ ವಾಲುತ್ತದೆ, ಬೇಗ ಸವೆಯುತ್ತದೆ. ಎರಡು ರಾಡುಗಳಲ್ಲಿ ಒಂದರ ಹಿಡಿಕೆಯನ್ನು ಮಾತ್ರ ಗಟ್ಟಿ ಮಾಡಿ, ಇನ್ನೊಂದರ ಬೋಲ್ಟ್ ತೂತನ್ನು ಅಡ್ಡಕ್ಕೆ ಉದ್ದ ಮಾಡಿ. ಗಾಜನ್ನು ಪೂರ್ತಿ ಕೆಳಗಿಳಿಸಿ ಕೆಳಗಿನ ಬೋಲ್ಟ್, ಪೂರ್ತಿ ಮೇಲೆತ್ತಿ ಮೇಲಿನ ಬೋಲ್ಟ್ ಬಿಗಿದರೆ ಎರಡೂ ರಾಡ್ ತಾವಾಗಿ ಸಮಾಂತರಕ್ಕೆ ಬರುತ್ತವೆ.

ಎದುರುತೂಕದ ಬಗ್ಗೆ ಬಹಳ ಮಂದಿ ಗಮನ ಕೊಡುವುದಿಲ್ಲ. 4 ಮಿ.ಮೀ. ಗಾಜು ಚದರ ಮೀಟರಿಗೆ 10 ಕೆ.ಜಿ. ತೂಗುತ್ತದೆ, 300×400ರ ಎರಡು ತುಂಡಿಗೆ 2.4 ಕೆ.ಜಿ., ಚೌಕಟ್ಟು ಸೇರಿ ಮೂರು ದಾಟುತ್ತದೆ. (ಅಕ್ರಿಲಿಕ್ ಅರ್ಧಕ್ಕಿಂತ ಕಡಿಮೆ ತೂಕ, ಆದರೆ ಬೇಗ ಗೀರು ಬೀಳುತ್ತದೆ, ಒರೆಸಿದಾಗ ಧೂಳನ್ನು ಎಳೆದುಕೊಳ್ಳುತ್ತದೆ.) ಹಗ್ಗವನ್ನು ರಾಡಿನ ಹತ್ತಿರ ಕಟ್ಟಬೇಡಿ. ಗಾಜಿನ ಚೌಕಟ್ಟನ್ನು ಒಂದು ಬೆರಳ ಮೇಲೆ ತೂಗಿಸಿ ನಡುತೂಕದ ಜಾಗ ಗುರುತಿಸಿ, ಅದರ ನೇರ ಮೇಲೆ ರಾಟೆ ಬರುವಂತೆ ಮಾಡಿ ಅಲ್ಲೇ ಕಟ್ಟಿ. ಆಗ ರಾಡನ್ನು ತಿರುಚುವ ಬಲ ಬಹುಪಾಲು ಇಲ್ಲವಾಗುತ್ತದೆ, ಸಾಧಾರಣ ಬೇರಿಂಗ್ ಕೂಡ ಮೆತ್ತಗೆ ಓಡುತ್ತದೆ. ಸೈಕಲ್ ಬ್ರೇಕ್ ಕೇಬಲ್, 40 ಮಿ.ಮೀ.ಗಿಂತ ದೊಡ್ಡ ರಾಟೆ ಎರಡು, ತೂಕಕ್ಕೆ ಮರಳು ತುಂಬಿದ ಬಾಟಲಿ. ಮರಳಾದರೆ ಹಿಡಿ ಹಿಡಿಯಾಗಿ ತೆಗೆದು ಹಾಕಿ 1 ಕೆ.ಜಿ. ಇಳಿಭಾರಕ್ಕೆ ಹೊಂದಿಸಬಹುದು, ನಾಜೂಕಿನ ಕಾಗದ ಬಂದಾಗ ಇನ್ನಷ್ಟು ಹಗುರ ಮಾಡಬಹುದು.

ಡ್ರಾಯರ್ ಚಾನೆಲ್ಲನ್ನು ನಿಲ್ಲಿಸಿ ಗಾಜಿಗೆ ಹಾಕಬಹುದೇ ಎಂದರೆ, ಹಾಕಬಹುದು, ನಾನು ಹಾಕೆನ್ನುವುದಿಲ್ಲ. ನಿಂತ ಚಾನೆಲ್‌ನಲ್ಲಿ ಬಾಲ್ ಹಿಡಿದಿರುವ ಪಟ್ಟಿ ದಿನ ಕಳೆದಂತೆ ಕೆಳಗೆ ಜಾರುತ್ತದೆ, ಓಟ ಕುಗ್ಗುತ್ತದೆ. ಪೂರ್ತಿ ಎಳೆದಾಗ ಪಕ್ಕದ ಅಲುಗಾಟವೂ ಹೆಚ್ಚು. ಬೇರೆ ದಾರಿಯಿಲ್ಲದೆ ಹಾಕಿದರೆ, ಡ್ರಾಯರ್ ಕಳಚುವ ಪ್ಲಾಸ್ಟಿಕ್ ಕೊಕ್ಕೆಯ ಆಚೆ ಒಂದು ಬೋಲ್ಟ್ ತಡೆ ಹಾಕಿ. ಆ ಕೊಕ್ಕೆ ಬಿಟ್ಟರೆ ಗಾಜು ನೇರ ಪುಸ್ತಕದ ಮೇಲೆ, ಕೈ ಅಲ್ಲಿದ್ದರೆ ಕೈ ಮೇಲೆ ಬೀಳುತ್ತದೆ.

ಎಣ್ಣೆಯ ವಿಚಾರ. ಹಳೆಯ ಕಾಗದದಿಂದ ಉದುರುವ ಧೂಳು ಗ್ರೀಸಿಗೆ ಅಂಟಿ ಹಿಟ್ಟಾಗುತ್ತದೆ. ರಾಡಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಬಟ್ಟೆಗೆ ಹಾಕಿ ಸವರಿ, ಒಣ ಬಟ್ಟೆಯಲ್ಲಿ ಒರೆಸಿಬಿಡಿ. ಹನಿ ತೊಟ್ಟಿಕ್ಕಿದರೆ ಬೀಳುವುದು ಪುಟದ ಮೇಲೆ. ಡಬ್ಲ್ಯುಡಿ-40 ಹೊಡೆಯಬೇಡಿ, ಬೇರಿಂಗ್ ಒಳಗಿನ ಗ್ರೀಸನ್ನೂ ಅದು ತೊಳೆದುಬಿಡುತ್ತದೆ.

ಲೀನಿಯರ್ ರೈಲು, ಅಂದರೆ ಎಂಜಿಎನ್12 (12 ಮಿ.ಮೀ. ಅಗಲದ ಉಕ್ಕಿನ ಹಳಿ, ಅದರ ಮೇಲೆ ಓಡುವ ಬಾಲ್ ಗಾಡಿ) ಬಗ್ಗೆ ಕೇಳಿದ್ದೀರಿ. ಒಳ್ಳೆಯ ವಸ್ತು, ಆದರೆ ಪ್ಲೈವುಡ್ ಮೇಲೆ ಹಾಕಿದರೆ ಅದರ ಗುಣ ವ್ಯರ್ಥ: ಬುಡ ಸಪಾಟಾಗಿಲ್ಲದಿದ್ದರೆ ರೈಲು ಬುಡದ ಜೊತೆಗೇ ಬಾಗಿ ಗಾಡಿ ಕಚ್ಚುತ್ತದೆ. ಅಲ್ಯೂಮಿನಿಯಂ ಪ್ರೊಫೈಲ್‌ನ ಕಂಬ ಇದ್ದರೆ ಮಾತ್ರ ಗಾಜಿಗೆ ಅದನ್ನು ಯೋಚಿಸಿ. ತಂದ ದಿನವೇ ರೈಲಿನ ಎರಡೂ ತುದಿಯ ತೂತಿಗೆ ಎಂ3 ಸ್ಕ್ರೂ ತಲೆ ಎದ್ದು ನಿಲ್ಲುವಂತೆ ಹಾಕಿ. ಗಾಡಿ ಒಮ್ಮೆ ರೈಲಿನಿಂದ ಜಾರಿದರೆ ಸಣ್ಣ ಬಾಲ್‌ಗಳು ನೆಲದ ತುಂಬ ಉದುರುತ್ತವೆ, ಮತ್ತೆ ತುಂಬುವುದು ಬಹಳ ತ್ರಾಸದ ಕೆಲಸ.