ವಾರಕ್ಕೊಂದು ಕತೆ ಬರೆಯೋ ಶಿಡ್ಲಘಟ್ಟದ ಗೆಳತಿಗೆ

ನಮಸ್ಕಾರ. ವಾರಕ್ಕೊಂದು ಕತೆ ಬರೀತೀನಿ ಅಂತ ಚಾಲೆಂಜ್ ಹಾಕ್ಕೊಂಡು ಬರೆದ ಆರು ಕತೆ ಕಳಿಸಿದ್ರಿ, ಆರನ್ನೂ ಓದಿದೆ. ನೇರವಾಗಿ ಹೇಳ್ಬಿಡ್ತೀನಿ, ಈ ಸಲ ಒಂದನ್ನೂ ಪ್ರಕಟಿಸೋಕೆ ಆಗಲ್ಲ. ಆದ್ರೆ ಚಾಲೆಂಜ್ ಮಾತ್ರ ದಯವಿಟ್ಟು ಬಿಡ್ಬೇಡಿ. ಶುರು ಮಾಡಿ ಅರ್ಧಕ್ಕೆ ಬಿಡೋರೇ ಜಾಸ್ತಿ, ನೀವು ಆರನ್ನೂ ಮುಗಿಸಿದ್ದೀರ, ಅದು ದೊಡ್ಡದು ಕಣ್ರೀ.

ತೊಂದರೆ ಏನಂದ್ರೆ ಆರು ವಾರವೂ ಬರೆದಿರೋದು ಒಂದೇ ಕತೆ. ಒಬ್ಬ ಒಳ್ಳೆಯವನು, ಅವನಿಗೊಂದು ಮೋಸ, ಕೊನೇ ಪ್ಯಾರಾದಲ್ಲಿ ಒಂದು ಸಾವು. ಭಾನುವಾರ ರಾತ್ರಿಯೊಳಗೆ ಮುಗಿಸ್ಬೇಕು ಅನ್ನೋ ಅವಸರದಲ್ಲಿ ಸಾವು ಸುಲಭವಾಗಿ ಕೈಗೆ ಸಿಗುತ್ತೆ, ಆದ್ರೆ ಓದೋರಿಗೆ ಎರಡನೇ ಕತೆಗೇ ಗೊತ್ತಾಗಿಬಿಡುತ್ತೆ.

ಈಗ ನಾಲ್ಕನೇದು, ರೇಷ್ಮೆ ಮನೆ ಕತೆ. ಹುಳ ನಾಲ್ಕನೇ ಜ್ವರದಿಂದ, ಅಂದ್ರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಮೇಲೆ ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದ್ರೂ ಸಾಲದೆ ಮನೆಯವರೆಲ್ಲ ನಿದ್ದೆಗೆಟ್ಟು ಓಡಾಡೋದು, ಅಜ್ಜಿ ಹಣ್ಣಾದ, ಅಂದ್ರೆ ಗೂಡು ಕಟ್ಟೋಕೆ ತಯಾರಾದ, ಹುಳ ಆರಿಸಿ ಚಂದ್ರಿಕೆ ಅನ್ನೋ ಗೂಡು ಕಟ್ಟೋ ತಟ್ಟಿಗೆ ಬಿಡೋದು, ಇದನ್ನೆಲ್ಲ ಕಂಡೋರೇ ಬರೀಬೇಕು. ಆಮೇಲೆ ಅಪ್ಪ ಗೂಡಿನ ಮಾರ್ಕೆಟ್‌ಗೆ ಬರ್ತಾನೆ, ಹರಾಜಲ್ಲಿ ರೇಟ್ ಬಿದ್ದಿದೆ, ಅಲ್ಲಿ ನೀವು ಬೇರೆ ದಾರಿಯಿಲ್ಲದೆ ಮಾರಿದ ಅಂತ ಒಂದೇ ಸಾಲಲ್ಲಿ ದಾಟಿಬಿಟ್ರಿ. ಯಾಕ್ರೀ? ಕತೆ ಇರೋದೇ ಅಲ್ಲಿ. ಗೂಡು ಮನೇಲಿಟ್ಕೊಂಡು ರೇಟ್ ಏರಲಿ ಅಂತ ಕಾಯೋಕಾಗಲ್ಲ, ಕೆಲವೇ ದಿನಕ್ಕೆ ಒಳಗಿರೋದು ಚಿಟ್ಟೆಯಾಗಿ ತೂತು ಮಾಡ್ಕೊಂಡು ಆಚೆ ಬರುತ್ತೆ, ತೂತಾದ ಗೂಡಿಂದ, ಗೂಡು ಕೊಂಡು ನೂಲು ತೆಗೆಯೋ ರೀಲರ್‌ಗೆ ನೂಲು ಬಿಚ್ಚೋಕಾಗಲ್ಲ. ಇದು ನಿಮಗೆ ಗೊತ್ತು, ದೂರದ ಊರಲ್ಲಿ ಓದೋರಿಗೆ ಗೊತ್ತಿಲ್ಲ. ಆ ರೇಟಿಗೆ ಒಪ್ಪೋ ಮುಂಚೆ ಅಪ್ಪ ಗೂಡಿನ ರಾಶಿ ಮುಂದೆ ನಿಂತು ಯಾರಿಗೆ ಫೋನ್ ಮಾಡ್ದ, ಸೊಪ್ಪಿನ ದುಡ್ಡು ಹುಳದ ಮೊಟ್ಟೆ ದುಡ್ಡು ಕೂಲಿ ಎಲ್ಲ ಹೆಂಗೆ ಲೆಕ್ಕ ಹಾಕ್ದ ಅಂತ ಒಂದು ಪುಟ ಬರೀರಿ, ಅವನು ಸಾಯೋ ಸೀನೇ ಬೇಕಾಗಲ್ಲ.

ಅಜ್ಜಿ ಮಾತೂ ಅಷ್ಟೇ. ನಿಮ್ಮ ಕಡೆ ಎಷ್ಟೋ ಮನೇಲಿ ಕನ್ನಡ ತೆಲುಗು ಎರಡೂ ಕಲೆಸಿ ಮಾತಾಡ್ತಾರೆ, ನಿಮ್ಮ ಅಜ್ಜಿ ಮಾತ್ರ ಪಾಠದ ಪುಸ್ತಕ ಓದಿದಂಗೆ ಮಾತಾಡ್ತಾರೆ. ಬೈಯೋದಿದ್ರೆ ತೆಲುಗಲ್ಲೇ ಬೈಲಿ ಬಿಡಿ.

ಇನ್ಮೇಲೆ ವಾರಕ್ಕೊಂದು ಕಟ್ಟುಪಾಡು ಹಾಕ್ಕೊಳ್ಳಿ. ಒಂದು ವಾರ ಯಾರೂ ಸಾಯೋ ಹಂಗಿಲ್ಲ. ಇನ್ನೊಂದು ವಾರ ಇಬ್ಬರೇ ಜನ, ಚಿಂತಾಮಣಿ ಬಸ್ಸಿಗೆ ಕಾಯೋ ಅರ್ಧ ಗಂಟೆಯಲ್ಲೇ ಕತೆ ಮುಗೀಬೇಕು. ಮತ್ತೊಂದು ವಾರ ನಿಮಗೆ ಸಿಟ್ಟು ಬರಿಸೋ ಮನುಷ್ಯನ ಕಡೆಯಿಂದ ಬರೀರಿ, ಆ ರೀಲರ್ ಕಡೆಯಿಂದಲೇ ಬರೀರಿ, ಅವನಿಗೂ ಸಾಲ ಇರುತ್ತಲ್ವಾ? ತಿಂಗಳಲ್ಲಿ ಒಂದು ವಾರ ಹೊಸದು ಬೇಡವೇ ಬೇಡ, ಹಳೇದನ್ನ ತಿದ್ದಿ. ತಿದ್ದೋದಿಲ್ಲದೆ ಬರೀ ಬರೀತಾ ಹೋದ್ರೆ ಕೈ ವೇಗ ಆಗುತ್ತೆ, ಕತೆ ಬೆಳೆಯಲ್ಲ.

ಕೆಲಸದ ಮಧ್ಯೆ ಟೈಮ್ ಸಿಗಲ್ಲ ಅಂದಿದ್ರಿ. ಪಕ್ಕದ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಲ್ಲಿ ಹುಟ್ಟಿದ ಮಾಸ್ತಿಯವರು ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದಾಗಲೇ, 1920ರಲ್ಲಿ, ಅವರ ಮೊದಲ ಕಥಾ ಸಂಕಲನ ಬಂತು. ನಿಮಗೂ ಆಗುತ್ತೆ.

ರೇಷ್ಮೆ ಮನೆ ಕತೆ ತಿದ್ದಿ ಕಳಿಸಿ, ಅದೊಂದೇ ಸಾಕು, ಅವಸರ ಇಲ್ಲ. ಯೂನಿಕೋಡಲ್ಲಿ ಟೈಪ್ ಮಾಡಿ, ಈ ಸಲ ಫಾಂಟ್ ಒಡೆದು ಬಂದು ಒತ್ತಕ್ಷರ ಎಲ್ಲ ಹಾಳಾಗಿತ್ತು.