ಮೂರು ವರ್ಷದ ಮಗುವನ್ನು ಕೂರಿಸಿಕೊಂಡು ಓಡಾಡಲು ಎಂಥ ಸೈಕಲ್ ತಗೊಳ್ಳಬೇಕು?

ನಿಮ್ಮ ಪ್ರಶ್ನೆ ಇಷ್ಟು: ಮನೆ ಕಾರವಾರದ ಕೋಡಿಬಾಗದಲ್ಲಿ, ಮೂರು ವರ್ಷದ ಮಗಳನ್ನು ದಿನಾ ಸೈಕಲ್ ಮೇಲೆ ಅಂಗನವಾಡಿಗೆ ಬಿಡಬೇಕು, ಮುಂದಿನ ವರ್ಷ ಶಿರಸಿಗೆ ವರ್ಗ ಆಗಬಹುದು. ಗೇರ್ ಸೈಕಲ್ ಬೇಕಾ, ಸೀಟು ಮುಂದೆ ಹಾಕಿಸೋದಾ, ಹಿಂದೆ ಹಾಕಿಸೋದಾ? ನಾನು ಶಿರಸಿ ಕಡೆಯವನು, ಈಗಿರುವುದು ಕಾರವಾರದಲ್ಲಿ. ನನ್ನ ಇಬ್ಬರು ಮಕ್ಕಳೂ ಸೈಕಲ್ ಸೀಟಿನಲ್ಲೇ ಊರು ನೋಡಿದವರು. ಗೊತ್ತಿದ್ದಷ್ಟು ಹೇಳುತ್ತೇನೆ.

ಗೇರ್ ವಿಷಯ ಆಮೇಲೆ. ಮೊದಲು ಸ್ಟ್ಯಾಂಡ್ ನೋಡಿ. ಅಂಗಡಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ. ಓಡುತ್ತಿರುವ ಸೈಕಲ್ ಹೇಗೋ ಸಂಭಾಳಿಸುತ್ತದೆ, ಅಪಾಯ ಇರುವುದು ನಿಂತಾಗ. ಮಗುವನ್ನು ಎತ್ತಿ ಕೂರಿಸಿ ಬೆಲ್ಟ್ ಹಾಕುವಾಗ ನಿಮ್ಮ ಎರಡೂ ಕೈ ಅಲ್ಲೇ ಇರುತ್ತವೆ, ಹ್ಯಾಂಡಲ್ ಹಿಡಿಯುವವರು ಯಾರೂ ಇಲ್ಲ. ಮಗು 14 ಕೆಜಿ, ಸೀಟು ಒಂದು 4 ಕೆಜಿ. ಅಷ್ಟು ಭಾರ ಸೊಂಟದ ಎತ್ತರದಲ್ಲಿ ಕೂತಿರುತ್ತದೆ. ಈಗಿನ ಸೈಕಲ್ಲುಗಳ ಜೊತೆ ಬರುವ ಒಂಟಿ ಕಾಲಿನ ಸೈಡ್ ಸ್ಟ್ಯಾಂಡ್ ಇದಕ್ಕೆ ಸಾಲುವುದಿಲ್ಲ. ನೆಲ ಸ್ವಲ್ಪ ಮೆತ್ತಗಿದ್ದರೂ ಮುಗಿಯಿತು, ಮಳೆಗಾಲದಲ್ಲಂತೂ ಕೇಳಲೇಬೇಡಿ. ಪೆಡಲ್ ಹತ್ತಿರ ಕೂರುವ ಎರಡು ಕಾಲಿನ ಸ್ಟ್ಯಾಂಡ್ ಹಾಕಿಸಿ. ಹಳೇ ಕರಿ ಸೈಕಲ್ಲಿನ ಹಿಂಬದಿ ಸ್ಟ್ಯಾಂಡೂ ಗಟ್ಟಿಯೇ. ಆದರೆ ಅದರಿಂದ ಇಳಿಸುವಾಗ ಹಿಂದಿನ ಚಕ್ರ ಧಪ್ ಅಂತ ನೆಲಕ್ಕೆ ಬೀಳುತ್ತದೆ, ಒಂದು ಕೈ ಸೀಟಿನ ಮೇಲಿರಲಿ.

ಇನ್ನೊಂದು ಕಾಟ ಉಂಟು. ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಹ್ಯಾಂಡಲ್ ತಾನಾಗಿ ಹೊರಳುತ್ತದೆ, ಜೊತೆಗೆ ಸೈಕಲ್ಲೂ ವಾಲುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಹಳೇ ಟ್ಯೂಬಿನ ಒಂದು ಉಂಗುರ ಕತ್ತರಿಸಿಕೊಳ್ಳಿ. ಅದನ್ನು ಯಾವಾಗಲೂ ಹ್ಯಾಂಡಲ್ ಹಿಡಿಕೆ ಮೇಲೆ ಇಟ್ಟಿರಿ. ನಿಲ್ಲಿಸಿದ ಕೂಡಲೇ ಮುಂದಿನ ಬ್ರೇಕ್ ಒತ್ತಿ, ಉಂಗುರವನ್ನು ಲಿವರ್ ಮೇಲೆ ಎಳೆದು ಬಿಡಿ. ಚಕ್ರ ಕದಲುವುದಿಲ್ಲ. ಬ್ಯಾಗು, ನೀರಿನ ಬಾಟಲಿ ಮೊದಲು ಸೈಕಲ್ ಹತ್ತಲಿ, ಮಗು ಕೊನೆಗೆ. ಇಳಿಯುವಾಗ ಮಗು ಮೊದಲು.

ಇನ್ನು ಫ್ರೇಮ್. ಹಿಂದೆ ಸೀಟು ಬಂದ ಮೇಲೆ ಕಾಲು ಹಿಂದಿನಿಂದ ಬೀಸಿ ಹತ್ತಲು ಆಗುವುದಿಲ್ಲ, ಮಗುವಿನ ಮುಖಕ್ಕೇ ತಾಗುತ್ತದೆ. ಹಾಗಾಗಿ ನಡುವಿನ ಪೈಪು ತಗ್ಗಾಗಿರುವ ಲೇಡೀಸ್ ಸೈಕಲ್ಲೇ ತಗೊಳ್ಳಿ. ನೀವು ಗಂಡಸರಾದರೂ ಅದೇ. ನೋಡಿ ನಗುವವರು ನಗಲಿ, ಅವರೇನು ನಿಮ್ಮ ಮಗಳನ್ನು ಅಂಗನವಾಡಿಗೆ ಬಿಡುವುದಿಲ್ಲವಲ್ಲ. ಟಯರ್ ಸ್ವಲ್ಪ ಅಗಲ ಇರಲಿ, 1.75 ಅಥವಾ 2 ಇಂಚು.

ಸೀಟು ಹಿಂದೆಯೇ ಹಾಕಿಸಿ. ಯುರೋಪಿನ ಮಾನದಂಡದ ಸೀಟುಗಳಲ್ಲಿ ಮುಂದಿನದ್ದಕ್ಕೆ ಸಾಮಾನ್ಯವಾಗಿ 15 ಕೆಜಿ ಮಿತಿ, ಹಿಂದಿನದ್ದಕ್ಕೆ 22 ಕೆಜಿ. ನಿಮ್ಮ ಮಗಳು ಮುಂದಿನ ಸೀಟಿನ ಮಿತಿ ಹತ್ತಿರ ಬಂದಾಗಿದೆ, ಸುಮ್ನೆ ದುಡ್ಡು ದಂಡ. ನಮ್ಮ ಅಂಗಡಿಗಳಲ್ಲಿ ನೇತು ಹಾಕಿರುವ ಕಬ್ಬಿಣದ ಪುಟ್ಟ ಸೀಟು ಇದೆಯಲ್ಲ, ಪೈಪಿಗೆ ಸಿಕ್ಕಿಸುವಂಥದ್ದು, ಅದು ಬೇಡವೇ ಬೇಡ. ಬೆಲ್ಟ್ ಇಲ್ಲ, ಕಾಲಿಡಲು ಸರಿಯಾದ ಜಾಗವಿಲ್ಲ. ಕ್ಯಾರಿಯರ್ ಮೇಲೆ ಟವೆಲ್ ಮಡಿಸಿ ಕೂರಿಸುವುದೂ ಅಷ್ಟೇ. ಮಗುವಿನ ಹಿಮ್ಮಡಿ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿದರೆ ಏನಾಗುತ್ತದೆ ಎಂದು ಯಾವ ಮೂಳೆ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಕಾಲಿನ ಎರಡೂ ಬದಿಗೆ ಗೋಡೆ ಇರುವ, ಪಾದಕ್ಕೆ ಪಟ್ಟಿ ಇರುವ, ಭುಜದ ಮೇಲಿಂದ ಬೆಲ್ಟ್ ಬರುವ ಸೀಟೇ ಬೇಕು.

ಸೀಟಿನಷ್ಟೇ ಮುಖ್ಯವಾದದ್ದು ನೀವು ಕೂರುವ ಸ್ಯಾಡಲ್. ನಮ್ಮ ಲೇಡೀಸ್ ಸೈಕಲ್ಲುಗಳ ಸ್ಯಾಡಲ್ ಅಡಿಗೆ ದಪ್ಪ ಸುರುಳಿ ಸ್ಪ್ರಿಂಗ್ ಎರಡು ಇರುತ್ತವೆ. ಹಿಂದೆ ಕೂತ ಮಗುವಿನ ಕೈಗೆ ಸರಿಯಾಗಿ ಸಿಗುವುದು ಅವೇ. ನೀವು ಗುಂಡಿ ಹಾರಿಸಿದಾಗ ಆ ಸುರುಳಿ ಮುಚ್ಚಿಕೊಳ್ಳುತ್ತದೆ, ಒಳಗೆ ಬೆರಳಿದ್ದರೆ ಬೆರಳೇ ಹೋಯಿತು. ಸ್ಪ್ರಿಂಗ್ ಇಲ್ಲದ ಸ್ಯಾಡಲ್‌ಗೆ ಬದಲಿಸಿ. ಅದು ಸಿಗುವ ತನಕ ಟ್ಯೂಬಿನ ಪಟ್ಟಿಯನ್ನು ಸ್ಪ್ರಿಂಗಿಗೆ ಬಿಗಿಯಾಗಿ ಸುತ್ತಿ, ಎಲ್ಲೂ ಸಂದು ಬಿಡದ ಹಾಗೆ.

ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು, ಗಲ್ಲದ ಪಟ್ಟಿಯಡಿ ಒಂದು ಬೆರಳು ಹೋಗುವಷ್ಟು ಸಡಿಲ ಸಾಕು. ಜುಟ್ಟು ಕಟ್ಟಿ, ಮೇಲೊಂದು ಅಬ್ಬಲಿಗೆ ದಂಡೆ ಮುಡಿಸಿದರೆ ಹೆಲ್ಮೆಟ್ ಹಿಂದಿನಿಂದ ಎದ್ದು ಹಣೆಗೆ ಜಾರುತ್ತದೆ. ದಂಡೆ ಬ್ಯಾಗಿನಲ್ಲಿರಲಿ, ಅಲ್ಲಿ ಹೋಗಿ ಮುಡಿಸಿದರಾಯಿತು. ಅಂಗನವಾಡಿ ಅಂಗಳದಲ್ಲಿ ಹೆಲ್ಮೆಟ್ ಹಾಕಿಕೊಂಡೇ ಆಡಲು ಮಾತ್ರ ಬಿಡಬೇಡಿ. ಜಾರುಬಂಡಿಗೋ ಕೊಂಬೆಗೋ ಸಿಕ್ಕಿದರೆ ಪಟ್ಟಿ ಕುತ್ತಿಗೆ ಬಿಗಿಯುತ್ತದೆ.

ಬ್ರೇಕ್ ವಿಷಯದಲ್ಲಿ ಕಾರವಾರ ಬೇರೆ ಊರಿನಂತಲ್ಲ. ಹೊಳೆಯುವ ಉಕ್ಕಿನ ರಿಮ್ ಇರುವ ಸೈಕಲ್ ಜೂನ್ ತಿಂಗಳಲ್ಲಿ ಬ್ರೇಕ್ ಒತ್ತಿದರೂ ಮುಂದೆ ಹೋಗುತ್ತಲೇ ಇರುತ್ತದೆ, ಒದ್ದೆ ಉಕ್ಕಿನ ಮೇಲೆ ರಬ್ಬರ್ ಹಿಡಿಯುವುದಿಲ್ಲ. ಅಲ್ಯೂಮಿನಿಯಂ ರಿಮ್ ಇರಲಿ, ಡಿಸ್ಕ್ ಆದರೆ ಇನ್ನೂ ಒಳ್ಳೆಯದು. ಜೊತೆಗೆ ಉಪ್ಪುಗಾಳಿ. ಹೊರಗೆ ಹೊಸದರಂತೆ ಕಾಣುವ ಬ್ರೇಕ್ ಕೇಬಲ್ ಒಳಗೆ ತುಕ್ಕು ಹಿಡಿದಿರುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕೇಬಲ್ ಬದಲಿಸಿ, ದೊಡ್ಡ ಖರ್ಚೇನಲ್ಲ. ಸೀಟಿನ ಬೋಲ್ಟುಗಳು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಟಾಗೋರ್ ಬೀಚಿನ ಮರಳಿಗೆ ಈ ಸೈಕಲ್ ಇಳಿಸಬೇಡಿ, ಚೈನ್ ಉಳಿಯುವುದಿಲ್ಲ. ಹೆದ್ದಾರಿ 66ರಲ್ಲಿ ಮಗುವನ್ನು ಕೂರಿಸಿಕೊಂಡು ಬಿಣಗಾ ಕಡೆ ಹೋಗುವ ಯೋಚನೆಯೂ ಬೇಡ, ಒಳರಸ್ತೆ ಇರುವಷ್ಟಕ್ಕೆ ಮಾತ್ರ ಈ ಸೈಕಲ್. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ್ದರೆ ಬಕಲ್ ಮುಟ್ಟಿ ನೋಡಿ ಆಮೇಲೆ ಕೂರಿಸಿ.

ಈಗ ಗೇರ್. ಕಾರವಾರದ ಸಪಾಟು ರಸ್ತೆಗೆ ಗೇರ್ ಇಲ್ಲದಿದ್ದರೂ ನಡೆಯುತ್ತದೆ. ಶಿರಸಿಯಲ್ಲಿ ನಡೆಯುವುದಿಲ್ಲ, ಅಲ್ಲಿ ಒಂದು ಇಳುಕಲು ಮುಗಿಯುವಷ್ಟರಲ್ಲಿ ಇನ್ನೊಂದು ಏರು. ವರ್ಗ ಆಗುವ ಲಕ್ಷಣ ಇದ್ದರೆ ಈಗಲೇ ಗೇರ್ ಇರುವುದನ್ನೇ ತಗೊಳ್ಳಿ. ಎಷ್ಟು ಗೇರ್ ಎಂದು ಎಣಿಸಬೇಡಿ, ಹಲ್ಲು ಎಣಿಸಿ: ಪೆಡಲ್ ಬಳಿಯ ಸಣ್ಣ ಹಲ್ಲುಚಕ್ರಕ್ಕೆ 28, ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ 34 ಇದ್ದರೆ ಭಾರ ಹೊತ್ತು ಏರು ಹತ್ತಬಹುದು. ಕಡಿದಾದ ಏರಿನಲ್ಲಿ ನಿಂತು ಹೊರಡುವಾಗ ಮುಂದಿನ ಚಕ್ರ ಹಗುರಾಗುತ್ತದೆ, ಮೈ ಮುಂದೆ ಬಾಗಿಸಿ. ಕೈಯಲ್ಲಿ ದುಡ್ಡಿದ್ದರೆ ಬ್ಯಾಟರಿ ಸೈಕಲ್ಲೂ ಆಗಬಹುದು. ಮೋಟಾರ್ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದರೆ ನೋಂದಣಿ, ಲೈಸೆನ್ಸ್ ಬೇಕಿಲ್ಲ.

ಇದೆಲ್ಲ ತಲೆನೋವು, ಸ್ಕೂಟರೇ ಸುಲಭ ಅಂತೀರಾ? ಅಲ್ಲೂ ನಿಯಮ ಇದೆ. 2022ರಲ್ಲಿ ಹೊರಡಿಸಿ 2023ರ ಫೆಬ್ರವರಿ 15ರಿಂದ ಜಾರಿಗೆ ಬಂದ ಕೇಂದ್ರದ ನಿಯಮದ ಪ್ರಕಾರ, 9 ತಿಂಗಳಿಂದ 4 ವರ್ಷದ ಮಗು ಹಿಂದೆ ಕೂತಿದ್ದರೆ ಹೆಲ್ಮೆಟ್ ಬೇಕು, ಮಗುವನ್ನು ಸವಾರರಿಗೆ ಜೋಡಿಸುವ ಸುರಕ್ಷಾ ಬೆಲ್ಟ್ ಬೇಕು, ವೇಗ 40 ಕಿ.ಮೀ. ದಾಟಬಾರದು.

ಸೀಟು ಇಲ್ಲಿನ ಅಂಗಡಿಯಲ್ಲಿ ಸಿಗದೆ ಆನ್‌ಲೈನ್‌ನಲ್ಲಿ ತರಿಸುವುದಾದರೆ ಮೊದಲು ಸ್ಯಾಡಲ್ ಕೆಳಗಿನ ನೆಟ್ಟಗಿನ ಪೈಪು ಅಳೆಯಿರಿ. ಪೈಪಿಗೆ ಕಚ್ಚುವ ಸೀಟುಗಳಿಗೆ ಸಾಮಾನ್ಯವಾಗಿ 28ರಿಂದ 40 ಮಿ.ಮೀ. ದಪ್ಪದ ದುಂಡು ಪೈಪೇ ಬೇಕು. ಕ್ಯಾರಿಯರ್ ಮೇಲೆ ಕೂರುವ ಸೀಟಾದರೆ ಕ್ಯಾರಿಯರ್ ಮೇಲೆ ಒತ್ತಿರುವ ಕೆಜಿ ಅಂಕಿ ಓದಿ, ಮಗು ಮತ್ತು ಸೀಟು ಸೇರಿ ಅದರೊಳಗೆ ಇರಬೇಕು. ಸೀಟಿನ ಬದಿಯಲ್ಲಿ ಭಾರದ ನಡು ತೋರಿಸುವ ಗುರುತು ಇರುತ್ತದೆ, ಅದು ಹಿಂದಿನ ಚಕ್ರದ ಅಚ್ಚಿಗಿಂತ 10 ಸೆಂ.ಮೀ.ಗಿಂತ ಹಿಂದೆ ಹೋಗಬಾರದು. ಕೂರಿಸಿಯಾದ ಮೇಲೆ 10 ಕೆಜಿ ಅಕ್ಕಿ ಚೀಲ ಬೆಲ್ಟ್ ಹಾಕಿ ಕಟ್ಟಿ, ಮಗಳಿಲ್ಲದೆ ಓಣಿಯಲ್ಲಿ ಸುತ್ತಿ ಬನ್ನಿ. ತಿರುವು, ಬ್ರೇಕು, ಸ್ಟ್ಯಾಂಡು ಎಲ್ಲ ಕೈಗೆ ಗೊತ್ತಾಗುತ್ತದೆ. ಪೈಪಿನ ಅಳತೆ ಇಲ್ಲೇ ಬರೆಯಿರಿ, ಯಾವ ಬಗೆಯ ಸೀಟು ಕೂರುತ್ತದೆ ಎಂದು ಹೇಳುತ್ತೇನೆ.